ಮರಳುಗಾಡು, ಸಮುದ್ರ, ನಡುವೆ ರಾತ್ರಿ ಬಸ್ಸು

ರಾತ್ರಿ ಬಸ್ಸು ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಗೃಹಿಣಿಯರ ಮುಖ ಸಪ್ಪಗಾಗುತ್ತದೆ. ಸೊಂಟ ನೋವು, ಮಕ್ಕಳ ವಾಂತಿ, ಎಲ್ಲಿ ನಿಲ್ಲಿಸುತ್ತಾನೋ ಏನೋ ಎಂಬ ಆತಂಕ, ಜೊತೆಗೆ ಕೊರಳ ಸರದ ಮೇಲೊಂದು ಕೈ. ಅಂಥಾದ್ದರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಊರಿಂದೂರಿಗೆ ರಾತ್ರಿ ಬಸ್ಸಿನಲ್ಲೇ ಓಡಾಡಿ ಬಂದೆ ಅಂದರೆ ಯಾರು ತಾನೇ ನಂಬುತ್ತಾರೆ? "ವಿಮಾನ ಇರಲಿಲ್ಲವೇನ್ರೀ?" ಅಂತ ನಮ್ಮ ಬೀದಿಯ ಹೆಂಗಸರು ಕೇಳಿದರು. ವಿಮಾನ ಇತ್ತು. ಆದರೆ ಒಂದು ದೇಶದ ಹೆಂಗಸರು, ಮಕ್ಕಳು, ಬುತ್ತಿ ಗಂಟು, ಜಗಳ, ನಗು ಎಲ್ಲ ನೋಡಬೇಕೆಂದರೆ ಬಸ್ಸೇ ಹತ್ತಬೇಕು.

ನನ್ನ ತಂಗಿಯ ಯಜಮಾನರಿಗೆ ಪೆರುವಿನ ರಾಜಧಾನಿ ಲಿಮಾದಲ್ಲಿ ಕೆಲಸ. ತಂಗಿ ಕರೆದಳು ಅಂತ ನಾನೂ ನಮ್ಮವರೂ ಎರಡು ತಿಂಗಳು ಅಲ್ಲಿದ್ದೆವು. ಆ ಎರಡು ತಿಂಗಳಲ್ಲಿ ಬಸ್ಸಿನ ವಿಷಯ ನಾನು ಕಲಿತದ್ದರಲ್ಲಿ ನಿಮಗೂ ಉಪಯೋಗಕ್ಕೆ ಬರುವುದು ಬಹಳ ಇದೆ. ನೀವು ಪೆರುವಿಗೆ ಹೋಗಲಿ, ಬಿಡಲಿ, ಹೈದರಾಬಾದಿಗಂತೂ ಹೋಗುತ್ತೀರಲ್ಲ!

ರೈಲಿಲ್ಲದ ಕರಾವಳಿ

ಮೊದಲು ಆ ನಾಡಿನ ಚಿತ್ರ ಕಣ್ಣಮುಂದೆ ತಂದುಕೊಳ್ಳಿ. ಎಡಕ್ಕೆ ಶಾಂತ ಮಹಾಸಾಗರ. ಬಲಕ್ಕೆ ಆಂಡೀಸ್ ಪರ್ವತ ಸಾಲು. ಇವೆರಡರ ನಡುವೆ ಸೀರೆಯ ಅಂಚಿನ ಹಾಗೆ ಉದ್ದಕ್ಕೆ ಒಂದು ಪಟ್ಟಿ. ನಮ್ಮ ಕರಾವಳಿಯ ಹಾಗೆ ತೆಂಗು, ಅಡಿಕೆ, ಗದ್ದೆ ಅಂದುಕೊಂಡಿರೋ, ಇಲ್ಲವೇ ಇಲ್ಲ. ಪೂರಾ ಮರಳುಗಾಡು! ಸಮುದ್ರದ ದಡದಲ್ಲೇ ಮರಳುಗಾಡು ಹೇಗೆ ಅಂತ ನನಗೂ ಸೋಜಿಗವಾಯಿತು. ದಕ್ಷಿಣ ಧ್ರುವದ ಕಡೆಯಿಂದ ಹಂಬೋಲ್ಟ್ ಪ್ರವಾಹ ಎಂಬ ತಣ್ಣೀರು ಆ ದಡದ ಗುಂಟ ಹರಿಯುತ್ತದೆ. ನೀರು ತಣ್ಣಗಿರುವುದರಿಂದ ಮೇಲಿನ ಗಾಳಿಯೂ ತಣ್ಣಗೆ; ಮೋಡ ಮೇಲೇರಿ ಮಳೆಯಾಗುವುದಿಲ್ಲ, ಮಂಜಾಗಿ ಕೆಳಗೇ ಕೂರುತ್ತದೆ. ಲಿಮಾ ಕೋಟಿ ಜನರ ಪಟ್ಟಣ, ಆದರೆ ಅಲ್ಲಿ ಕೊಡೆ ಹಿಡಿದವರನ್ನು ನಾನು ನೋಡಲಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ 'ಗರೂವಾ' ಅಂತ ಜಿಟಿಜಿಟಿ ಮಂಜು ಹನಿ ಬೀಳುತ್ತದೆ, ಅಷ್ಟೇ. ಬಟ್ಟೆ ಮಾತ್ರ ಒಣಗುವುದಿಲ್ಲ! ಗುಡ್ಡದ ಮೇಲಿನ ಬಡವರ ಕೇರಿಗಳಲ್ಲಿ ದೊಡ್ಡ ದೊಡ್ಡ ಬಲೆ ಕಟ್ಟಿ ಆ ಮಂಜನ್ನೇ ಹನಿಹನಿಯಾಗಿ ಹಿಡಿದು ನೀರು ಮಾಡಿಕೊಳ್ಳುವವರೂ ಇದ್ದಾರೆ.

ಈ ಪಟ್ಟಿಯ ಉದ್ದಕ್ಕೂ ಊರಿನಿಂದೂರಿಗೆ ಹೋಗಲು ರೈಲಿಲ್ಲ. ಇರುವ ರೈಲು ಗುಡ್ಡದ ಕಡೆಗೆ. ಹಾಗಾಗಿ ಮದುವೆ, ಆಸ್ಪತ್ರೆ, ಕಾಲೇಜು, ವ್ಯಾಪಾರ ಯಾವುದಕ್ಕೂ ಬಸ್ಸೇ ಗತಿ. ಬಸ್ಸು ಹೋಗುವ ದಾರಿಗೆ 'ಪಾನ್ ಅಮೆರಿಕಾನಾ' ಅಂತ ಹೆಸರು. ಉತ್ತರದ ಅಲಾಸ್ಕಾದಿಂದ ದಕ್ಷಿಣದ ಅರ್ಜೆಂಟೀನಾವರೆಗೆ ಹೋಗುವ ಹೆದ್ದಾರಿ. ನಡುವೆ ಪನಾಮಾ ಮತ್ತು ಕೊಲಂಬಿಯಾಗಳ ಗಡಿಯ ದಟ್ಟ ಕಾಡಿನಲ್ಲಿ ಸುಮಾರು 100 ಕಿಲೋಮೀಟರ್ ಮಾತ್ರ ಕಡಿದುಹೋಗಿದೆ.

ದೂರದ ಅಂದಾಜು ಬೇಕೇ? ಲಿಮಾದಿಂದ ಉತ್ತರದ ತ್ರುಹೀಯೊ ಪಟ್ಟಣ ಸುಮಾರು 560 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಬೆಂಗಳೂರು-ಹೈದರಾಬಾದ್. ರಾತ್ರಿ 10ಕ್ಕೆ ಹತ್ತಿದರೆ ಬೆಳಗ್ಗೆ 7ರ ಹೊತ್ತಿಗೆ ಇಳಿಯಬಹುದು. ಇನ್ನೂ ಮೇಲಿನ ಪಿಯೂರಾ ಸುಮಾರು 1000 ಕಿಲೋಮೀಟರ್, ನಮ್ಮ ಬೆಂಗಳೂರಿನಿಂದ ಮುಂಬಯಿಗೆ ಹೋದಷ್ಟು.

ಕಾಮ ಎಂದರೆ ಹಾಸಿಗೆ!

ಟಿಕೆಟ್ ಕೊಳ್ಳುವಲ್ಲಿ ಬೋರ್ಡು ನೋಡಿ ನನಗೆ ನಗು ತಡೆಯಲಾಗಲಿಲ್ಲ. 'ಕಾಮ' ಒಂದು ದರ, 'ಸೆಮಿ ಕಾಮ' ಇನ್ನೊಂದು ದರ! ನಮ್ಮವರು ಗಂಭೀರವಾಗಿ ಕೆಮ್ಮಿದರು. ಸ್ಪ್ಯಾನಿಷ್ ಭಾಷೆಯಲ್ಲಿ ಕಾಮ ಎಂದರೆ ಹಾಸಿಗೆ ಕಣ್ರೀ. ಹಾಸಿಗೆ ಬಸ್ಸು, ಅರೆ ಹಾಸಿಗೆ ಬಸ್ಸು ಅಂತ ಅರ್ಥ. ನಮ್ಮ ಸ್ಲೀಪರ್ ಬಸ್ಸಿನ ಹಾಗೆ ಅಟ್ಟದ ಮೇಲೆ ಮಲಗುವ ಗೂಡುಗಳಲ್ಲ. ಅಗಲವಾದ ಕುರ್ಚಿಯೇ ಹಿಂದಕ್ಕೆ ಬಾಗಿ ಆರಾಮ ಕುರ್ಚಿಯಾಗುತ್ತದೆ. ಬಸ್ಸಿಗೆ ಎರಡು ಅಂತಸ್ತು. ಕೆಳಗೆ ಕೆಲವೇ ಅಗಲ ಕುರ್ಚಿಗಳು, ದರ ಜಾಸ್ತಿ. ಮೇಲೆ ಅರೆ ಹಾಸಿಗೆ, ದರ ಕಡಿಮೆ. ಕಂಬಳಿ, ಪುಟ್ಟ ದಿಂಬು ಕೊಡುತ್ತಾರೆ. ಮಂಡಿ ನೋವಿದ್ದವರು, ಕೂಸು ಇರುವವರು ಕೆಳಗೇ ತೆಗೆದುಕೊಳ್ಳಿ. ಏಣಿಯಂಥ ಮೆಟ್ಟಿಲು ಹತ್ತುವ ಪಾಡು ತಪ್ಪುತ್ತದೆ, ಓಲಾಟವೂ ಕಡಿಮೆ.

ಈ ಬಸ್ಸುಗಳಲ್ಲಿ ಎಷ್ಟೋ ಬ್ರೆಜಿಲ್ ದೇಶದ ಮಾರ್ಕೊಪೋಲೊ ಕಂಪನಿಯವರು ಮೈ ಕಟ್ಟಿದವು. ಹೆಸರು ಕೇಳಿದ ಹಾಗಿದೆಯಲ್ಲ? ಹೌದು, ಅದೇ. ನಮ್ಮ ಧಾರವಾಡದ ಕಾರ್ಖಾನೆಯಲ್ಲಿ ಟಾಟಾದವರ ಜೊತೆ ಪಾಲುದಾರರಾಗಿ ಬಸ್ಸು ಕಟ್ಟಿದವರು. ಆ ಪಾಲುದಾರಿಕೆ ಈಗ ಮುಗಿದಿದೆ. ಇನ್ನೊಂದು ಸಂತೋಷದ ಸಂಗತಿ: ಅಲ್ಲಿ ತಂಗಿ ಟಿಕೆಟ್ ಕೊಂಡದ್ದು ಮೊಬೈಲಿನ ರೆಡ್‌ಬಸ್‌ನಲ್ಲಿ. 2006ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ್ದು ಪೆರುವಿನಲ್ಲೂ ಟಿಕೆಟ್ ಮಾರುತ್ತಿದೆ. ಅಷ್ಟು ದೂರದಲ್ಲಿ ನಮ್ಮೂರಿನ ಹೆಸರು ಕಂಡಾಗ ತವರಿನವರು ಸಿಕ್ಕಷ್ಟೇ ಹಿತ.

ಹತ್ತುವ ಮುನ್ನ

ಲಿಮಾದಲ್ಲಿ ನಮ್ಮ ಮೆಜೆಸ್ಟಿಕ್ಕಿನ ಹಾಗೆ ಎಲ್ಲ ಬಸ್ಸಿಗೂ ಒಂದೇ ನಿಲ್ದಾಣವಿಲ್ಲ. ದೊಡ್ಡ ಕಂಪನಿಗಳಿಗೆ ಬೇರೆ ಬೇರೆ ಕಡೆ ಅವರವರದೇ ನಿಲ್ದಾಣ. ಟಿಕೆಟ್ಟಿನಲ್ಲಿ ಯಾವ ನಿಲ್ದಾಣ ಎಂದಿದೆಯೋ ನೋಡಿಕೊಂಡೇ ಮನೆ ಬಿಡಬೇಕು. ಟಿಕೆಟ್ ಕೊಡುವಾಗ ನಮ್ಮ ಪಾಸ್‌ಪೋರ್ಟ್ ನಂಬರು ಬರೆದುಕೊಂಡರು. ಸೂಟ್‌ಕೇಸ್ ತೂಗಿ ಚೀಟಿ ಅಂಟಿಸಿ, ಅರ್ಧ ಚೀಟಿ ನಮ್ಮ ಕೈಗಿತ್ತರು. ಇಳಿದಾಗ ಅದನ್ನು ತೋರಿಸದೆ ಪೆಟ್ಟಿಗೆ ಕೊಡುವುದಿಲ್ಲ. ಬಸ್ಸು ಹೊರಡುವ ಮುಂಚೆ ಒಬ್ಬಾತ ಕ್ಯಾಮೆರಾ ಹಿಡಿದು ಬಂದು ಸೀಟಿನಲ್ಲಿ ಕೂತ ಒಬ್ಬೊಬ್ಬರ ಮುಖವನ್ನೂ ಚಿತ್ರ ತೆಗೆದ. ನಾನು ಫೋಟೋ ಅಂತ ಸೆರಗು ಸರಿಮಾಡಿಕೊಂಡೆ, ತಂಗಿ ನಕ್ಕಳು. ಕಳ್ಳರು ಪ್ರಯಾಣಿಕರ ವೇಷದಲ್ಲಿ ಹತ್ತದಿರಲಿ ಅಂತ ಒಳ್ಳೆಯ ಕಂಪನಿಗಳು ಮಾಡುವ ಏರ್ಪಾಡಂತೆ ಅದು.

ತಂಗಿ ಇಬ್ಬರು ಮಕ್ಕಳ ತಾಯಿ. ಟಿಕೆಟ್ ಕೊಳ್ಳುವ ಮುಂಚೆ ಅವಳು ಕಿಟಕಿಯಲ್ಲಿ ತಪ್ಪದೆ ಮೂರು ಪ್ರಶ್ನೆ ಕೇಳುತ್ತಾಳೆ. ಎಷ್ಟು ಜನ ಚಾಲಕರು? ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ? ತುರ್ತು ಬಾಗಿಲು ಎಲ್ಲಿದೆ? ಉತ್ತರ ಸರಿಯಾಗಿ ಬರದಿದ್ದರೆ ದರ ಎಷ್ಟೇ ಕಡಿಮೆಯಿರಲಿ, ಪಕ್ಕದ ಕಂಪನಿಗೆ ನಡೆಯುತ್ತಾಳೆ. "ಅಕ್ಕಾ, ಸೀರೆ ಕೊಳ್ಳುವಾಗ ಹತ್ತು ಸಲ ತಿರುಗಿಸಿ ಮುರುಗಿಸಿ ನೋಡ್ತೀವಿ. ಮಕ್ಕಳ ಜೀವ ಕೊಡುವಾಗ ಸುಮ್ಮನೆ ಕೊಡ್ತೀವಾ?" ಅಂದಳು. ಮಾತು ನಿಜ ಅಲ್ಲವೇ?

ಮೊದಲ ಪ್ರಶ್ನೆಗೆ ಅಲ್ಲಿನ ಕಾನೂನಿನ ಬಲವೂ ಇದೆ. ಪೆರುವಿನಲ್ಲಿ ಬಸ್ಸಿನ ಚಾಲಕ ಹಗಲಲ್ಲಿ ಒಂದೇ ಸಮನೆ 5 ಗಂಟೆ, ರಾತ್ರಿ 4 ಗಂಟೆಗಿಂತ ಹೆಚ್ಚು ಓಡಿಸುವ ಹಾಗಿಲ್ಲ. ಅಂದಮೇಲೆ ರಾತ್ರಿ ಪೂರಾ ಓಡುವ ಬಸ್ಸಿಗೆ ಇಬ್ಬರು ಇರಲೇಬೇಕು. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗುತ್ತಾನೆ. ಎರಡನೆಯ ಪ್ರಶ್ನೆ ಏಕೆಂದರೆ, ಅಗ್ಗದ ಬಸ್ಸುಗಳು ದಾರಿಯುದ್ದಕ್ಕೂ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುತ್ತವೆ. ಸಾಮಾನು ಕಳುವಾಗುವುದೂ ಅಲ್ಲೇ ಹೆಚ್ಚು. ನೇರ ಬಸ್ಸಾದರೆ ನಡುವೆ ಯಾರೂ ಹತ್ತುವುದಿಲ್ಲ. ಮೂರನೆಯದಕ್ಕೆ ವಿವರಣೆ ಬೇಡ.

ಪಾಸಮಾಯೋ ತಿರುವು

ಈ ಪ್ರಶ್ನೆಗಳು ಸುಮ್ಮನೆ ಹುಟ್ಟಿದ್ದಲ್ಲ. ಲಿಮಾ ಬಿಟ್ಟು ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಪಾಸಮಾಯೋ ಎಂಬ ಜಾಗ. ಒಂದು ಕಡೆ ಕಡಿದಾದ ಮರಳುಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಹಾವಿನ ಹಾಗೆ ಹರಿದ ದಾರಿ. ಆ ಹಳೆಯ ರಸ್ತೆಗೆ ಅವರೂ ಹಾವಿನ ಹೆಸರೇ ಇಟ್ಟಿದ್ದಾರೆ. ಅದರಲ್ಲಿ ಒಂದು ತಿರುವಿಗೆ 'ಸೈತಾನನ ತಿರುವು' ಎಂದು ಹೆಸರು. 2018ರ ಜನವರಿ 2ರಂದು, ಹೊಸ ವರ್ಷದ ರಜೆ ಮುಗಿಸಿ ಹುವಾಚೊ ಊರಿನಿಂದ ಲಿಮಾಕ್ಕೆ ಬರುತ್ತಿದ್ದ ಬಸ್ಸೊಂದು ಲಾರಿಗೆ ಡಿಕ್ಕಿಯಾಗಿ ಕೆಳಗಿನ ಕಲ್ಲುದಡಕ್ಕೆ ಬಿತ್ತು. ಐವತ್ತಕ್ಕೂ ಹೆಚ್ಚು ಮಂದಿ ಹೋದರು. ಹಬ್ಬಕ್ಕೆ ಊರಿಗೆ ಹೋಗಿ ಅಪ್ಪ ಅಮ್ಮನನ್ನು ನೋಡಿಕೊಂಡು ಬರುತ್ತಿದ್ದವರು.

ಆ ಮೇಲೆ ಪ್ರಯಾಣಿಕರ ಬಸ್ಸು ಆ ಹಾವಿನ ದಾರಿಯಲ್ಲಿ ಹೋಗಕೂಡದೆಂದು ಸರ್ಕಾರ ತಡೆಯಿತು. ಅಲ್ಲಿಯವರೆಗೆ ಕಾರುಗಳಿಗೆ ಗುಡ್ಡದ ಮೇಲಿನ ಅಗಲ ದಾರಿ, ಬಸ್ಸು ಲಾರಿಗಳಿಗೆ ಸಮುದ್ರದಂಚಿನ ಕಿರಿದು ದಾರಿ! ಈಗ ಬಸ್ಸೂ ಮೇಲಿನ ದಾರಿಯಲ್ಲೇ ಹೋಗುತ್ತದೆ. ನಾವು ಹೋದ ರಾತ್ರಿ ಅಲ್ಲಿ ಮಂಜು ದಟ್ಟವಾಗಿ ಮುಸುಕಿತ್ತು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಪಕ್ಕದ ಸೀಟಿನ ಅಜ್ಜಿ ಮೌನವಾಗಿ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಮನಸ್ಸಿನಲ್ಲೇ ನಮ್ಮೂರ ಆಂಜನೇಯನನ್ನು ನೆನೆದೆ. ಭಾಷೆ ಬಾರದಿದ್ದರೇನು, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಹಾಗಂತ ಅಪಾಯವೆಲ್ಲ ಮುಗಿಯಿತು ಅಂತಲ್ಲ. 2025ರ ಫೆಬ್ರವರಿಯಲ್ಲಿ ಅದೇ ಹೆದ್ದಾರಿಯ ಚಾಂಕಾಯ್ ಎಂಬಲ್ಲಿ ಸೇತುವೆ ಕುಸಿದು ಬಸ್ಸೊಂದು ಹೊಳೆಗೆ ಬಿತ್ತು, ಸಾವಾಯಿತು. ರಸ್ತೆ ತಡೆಗಳೂ ಉಂಟು. 2022ರ ಡಿಸೆಂಬರಿನಲ್ಲಿ ಅಧ್ಯಕ್ಷರನ್ನು ಕೆಳಗಿಳಿಸಿದಾಗ ಪ್ರತಿಭಟನೆಯವರು ಹೆದ್ದಾರಿಗೆ ಕಲ್ಲು, ಟೈರು ಅಡ್ಡ ಹಾಕಿ ಬಸ್ಸುಗಳು ದಿನಗಟ್ಟಲೆ ನಿಂತವು. ಆದ್ದರಿಂದ 'ಪಾರೊ' ಎಂಬ ಪದ ನೆನಪಿಡಿ. ಮುಷ್ಕರ ಅಂತ ಅರ್ಥ. ಹೊರಡುವ ದಿನ "ಪಾರೊ ಇದೆಯಾ?" ಅಂತ ವಿಚಾರಿಸಿಯೇ ಹೊರಡಬೇಕು.

ಕಿಟಕಿಯಾಚೆ

ಒಂದು ಸಲವಾದರೂ ಹಗಲು ಬಸ್ಸಿನಲ್ಲಿ ಹೋಗಿ ನೋಡಬೇಕು. ಗಂಟೆಗಟ್ಟಲೆ ಬೂದು ಮರಳು, ಒಂದು ಹುಲ್ಲುಕಡ್ಡಿಯೂ ಇಲ್ಲ. ಇದ್ದಕ್ಕಿದ್ದಂತೆ ಕಣ್ಣು ತಂಪಾಗುವಷ್ಟು ಹಸಿರು! ಕಬ್ಬು, ಭತ್ತ, ಜೋಳ. ಮತ್ತೆ ಹತ್ತು ನಿಮಿಷದಲ್ಲಿ ಮರಳು. ಆಂಡೀಸ್ ಬೆಟ್ಟದಿಂದ ಐವತ್ತಕ್ಕೂ ಹೆಚ್ಚು ಹೊಳೆಗಳು ಇಳಿದು ಈ ಪಟ್ಟಿಯನ್ನು ಅಡ್ಡಹಾಯ್ದು ಸಮುದ್ರ ಸೇರುತ್ತವೆ. ಹೊಳೆ ಇದ್ದಲ್ಲಿ ಊರು, ಇಲ್ಲದಲ್ಲಿ ಮರಳು. ನೀರಿನ ಬೆಲೆ ತಿಳಿಯಬೇಕಾದರೆ ಆ ಕಿಟಕಿಯಲ್ಲಿ ಕೂರಬೇಕು.

ಚಿಂಬೋತೆ ಬಂದಿತೆಂದು ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ, ಮೂಗು ಹೇಳುತ್ತದೆ! ತಣ್ಣೀರಿನ ಆ ಕಡಲಿನಲ್ಲಿ ಬೆರಳುದ್ದದ ಆಂಚೋವಿ ಮೀನು ಲೆಕ್ಕವಿಲ್ಲದಷ್ಟು. ಅದನ್ನು ಒಣಗಿಸಿ ಪುಡಿ ಮಾಡಿ ಕೋಳಿ, ಮೀನು ಸಾಕುವವರಿಗೆ ದೇಶದೇಶಕ್ಕೆ ಕಳಿಸುವ ಕಾರ್ಖಾನೆಗಳ ಊರು ಅದು.

ತ್ರುಹೀಯೊ ಪಟ್ಟಣದ ಬಗಲಲ್ಲೇ ಚಾನ್ ಚಾನ್. ಚಿಮೂ ಎಂಬ ರಾಜರು ಹಸಿ ಇಟ್ಟಿಗೆಯಲ್ಲಿ ಕಟ್ಟಿದ ರಾಜಧಾನಿ. ಅಮೆರಿಕ ಖಂಡಗಳಲ್ಲೆಲ್ಲ ಅತಿ ದೊಡ್ಡ ಮಣ್ಣಿನ ನಗರ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಗೋಡೆಯ ಮೇಲೆ ಮೀನಿನ ಸಾಲು, ಹಕ್ಕಿಯ ಸಾಲು, ಬಲೆಯ ಕಣ್ಣು. ನಮ್ಮ ಇಳಕಲ್ ಸೀರೆಯ ಸೆರಗು, ಕಸೂತಿಯ ಸಾಲು ನೆನಪಾದವು. ಮಳೆ ಬಾರದ ನಾಡಾದ್ದರಿಂದ ಮಣ್ಣು ಇಷ್ಟು ಶತಮಾನ ನಿಂತಿದೆ. ಹತ್ತಿರದ ಹುವಾಂಚಾಕೊ ದಡದಲ್ಲಿ ಮೀನುಗಾರರು ಇಂದಿಗೂ ಜೊಂಡಿನ ಕಂತೆ ಕಟ್ಟಿ ದೋಣಿ ಮಾಡಿಕೊಳ್ಳುತ್ತಾರೆ, ಕುದುರೆ ಏರಿದ ಹಾಗೆ ಅದರ ಮೇಲೆ ಕೂತು ಅಲೆ ದಾಟುತ್ತಾರೆ. ತುಂಗಭದ್ರೆಯ ಹರಿಗೋಲು ಕಂಡವರಿಗೆ ಆ ಸಂಭ್ರಮ ತಿಳಿದೀತು.

ಅಲ್ಲಿಂದ ಮೂರು ನಾಲ್ಕು ಗಂಟೆಗೆ ಚಿಕ್ಲಾಯೊ. 1987ರಲ್ಲಿ ವಾಲ್ಟರ್ ಆಲ್ವಾ ಎಂಬ ಸಂಶೋಧಕರು ಈ ಊರಿನ ಬಳಿ ಸಿಪಾನ್‌ನಲ್ಲಿ ಹಳೆಯ ದೊರೆಯೊಬ್ಬನ ಸಮಾಧಿ ತೆಗೆದರು. ಮೈತುಂಬ ಚಿನ್ನ! ಕಡಲೆಕಾಯಿ ಆಕಾರದ ಚಿನ್ನ ಬೆಳ್ಳಿಯ ಹಾರವೊಂದಿದೆ. ಕಡಲೆಕಾಯಿ ನಮಗೆ ಬಂದದ್ದೇ ಆ ಖಂಡದಿಂದ. ಹಸಿಮೆಣಸು, ಟೊಮೆಟೊ, ಆಲೂಗಡ್ಡೆ ಕೂಡ ಆ ಕಡೆಯವೇ. ಅಂದರೆ ನಮ್ಮ ಅಡುಗೆಮನೆಗೂ ಅವರಿಗೂ ನಂಟು ಹಳೆಯದು.

ಹೊಟ್ಟೆಯ ಪ್ರಶ್ನೆ

ಸಸ್ಯಾಹಾರಿಗಳಿಗೆ ಅಲ್ಲಿ ಸ್ವಲ್ಪ ಕಷ್ಟವೇ. 'ಸಿನ್ ಕಾರ್ನೆ', ಮಾಂಸ ಬೇಡ ಅಂದರೆ ಕೋಳಿ ತಂದಿಡುತ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ! 'ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ' ಅಂದರೆ ಕೋಳಿಯೂ ಬೇಡ, ಮೀನೂ ಬೇಡ ಅಂತ ಬಾಯಿಪಾಠ ಮಾಡಿಕೊಳ್ಳಿ. ಬಸ್ಸಿನಲ್ಲಿ ಕೊಡುವ ಊಟಕ್ಕಿಂತ ಮನೆ ಬುತ್ತಿಯೇ ಸರಿ. ನಾವು ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡಿದ್ದೆವು. ಅವಲಕ್ಕಿ ರುಚಿ ನೋಡಿದ ಆ ಅಜ್ಜಿ ಎರಡನೇ ಸಲ ಕೈ ಚಾಚಿದರು!

ನಿಲ್ದಾಣಗಳಲ್ಲಿ ಸಿಗುವುದರಲ್ಲಿ ಹುರಿದ ಜೋಳ, ಬೇಯಿಸಿದ ಜೋಳದ ತೆನೆಯ ಜೊತೆ ಗಿಣ್ಣು, ಗೆಣಸು ಇವೆಲ್ಲ ನಮಗೆ ಒಗ್ಗುತ್ತವೆ. ಪಿಯೂರಾ ಕಡೆ 'ಚಿಫ್ಲೆಸ್' ಅಂತ ಬಾಳೆಕಾಯಿ ಚಿಪ್ಸ್, ಥೇಟ್ ಮಂಗಳೂರಿನದೇ. ನೇರಳೆ ಬಣ್ಣದ ಜೋಳ ಕುದಿಸಿ ಮಾಡುವ 'ಚೀಚಾ ಮೊರಾದಾ' ಪಾನಕ ಬಲು ಚೆನ್ನ. ಆದರೆ ನನಗೆ ತೀರಾ ಹಿಡಿಸಿದ್ದು 'ಉಮೀತಾ'. ಹಸಿ ಜೋಳ ರುಬ್ಬಿ, ಅದರ ಸಿಪ್ಪೆಯಲ್ಲೇ ಕಟ್ಟಿ ಹಬೆಯಲ್ಲಿ ಬೇಯಿಸುವ ತಿಂಡಿ. ನಮ್ಮ ಕೊಟ್ಟೆ ಕಡುಬಿನ ಅಕ್ಕ ಅನ್ನಿ. ಹೊರಗೆ ಕೊಳ್ಳುವಾಗ ಹಂದಿಯ ಕೊಬ್ಬು ಹಾಕಿಲ್ಲವೇ ಅಂತ ಕೇಳಿಕೊಳ್ಳಿ.

ಮನೆಯಲ್ಲಿ ತಂಗಿ ಮಾಡುವ ಕ್ರಮ ಹೀಗೆ: ಹಾಲುಗಟ್ಟಿದ 4 ಮೆಕ್ಕೆಜೋಳದ ತೆನೆಯ ಸಿಪ್ಪೆಯನ್ನು ಹರಿಯದಂತೆ ಬಿಡಿಸಿಟ್ಟುಕೊಳ್ಳಿ. ಕಾಳು ಬಿಡಿಸಿ ನೀರು ಹಾಕದೆ ತರಿತರಿ ರುಬ್ಬಿ. 2 ಚಮಚ ತುಪ್ಪ, ಅರ್ಧ ಬಟ್ಟಲು ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ, ಒಂದು ಹಿಡಿ ದ್ರಾಕ್ಷಿ ಸೇರಿಸಿ. ತೆಳುವಾದರೆ ಸ್ವಲ್ಪ ಅಕ್ಕಿ ರವೆ ಹಾಕಿ. ಎರಡೆರಡು ಸಿಪ್ಪೆ ಜೋಡಿಸಿ, ಹೂರಣ ಇಟ್ಟು ಮಡಿಸಿ ದಾರ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ 40 ನಿಮಿಷ ಬೇಯಿಸಿ. ಮರುದಿನಕ್ಕೂ ಕೆಡುವುದಿಲ್ಲ, ಪ್ರಯಾಣಕ್ಕೆ ಹೇಳಿಮಾಡಿಸಿದ್ದು.

ತಿಂದದ್ದರ ಮುಂದಿನ ವಿಚಾರವನ್ನೂ ಹೇಳಿಬಿಡುತ್ತೇನೆ, ಹೆಂಗಸರಿಗೆ ಅದೇ ದೊಡ್ಡ ಚಿಂತೆ. ಬಸ್ಸಿನೊಳಗೆ ಶೌಚಾಲಯ ಇದೆ. ಆದರೆ ಮೂತ್ರಕ್ಕೆ ಮಾತ್ರ! ಬಾಗಿಲ ಮೇಲೆ ಹಾಗೇ ಬರೆದಿರುತ್ತಾರೆ. ಇನ್ನೊಂದಕ್ಕೆ ಹತ್ತುವ ಮುನ್ನ ನಿಲ್ದಾಣದಲ್ಲೇ ಹೋಗಿಬನ್ನಿ. ಕಾಗದ, ಸಾಬೂನು ನಿಮ್ಮ ಕೈಚೀಲದಲ್ಲಿರಲಿ. ರಾತ್ರಿ ಎದ್ದು ಹೋಗುವಾಗ ಎರಡೂ ಕೈಯಲ್ಲಿ ಹಿಡಿ ಹಿಡಿದುಕೊಳ್ಳಿ, ತಿರುವುಗಳು ಜಾಸ್ತಿ.

ಬನ್ನಿ ಮರದ ನಂಟರು

ಚಿಕ್ಲಾಯೊ ದಾಟಿ ಪಿಯೂರಾಕ್ಕೆ ಹೋಗುವಾಗ ಸೆಚೂರಾ ಮರಳುಗಾಡು. ಅಲ್ಲಿ ಸುಡು ಬಿಸಿಲಿನಲ್ಲೂ ಹಸಿರಾಗಿ ನಿಂತ ಮುಳ್ಳು ಮರ ಕಂಡು "ಇದು ನಮ್ಮ ಬಳ್ಳಾರಿ ಜಾಲಿಯಲ್ಲವೇ?" ಎಂದೆ. ಆಲ್ಗರ್ರೋಬೊ ಅಂತ ಅದರ ಹೆಸರು. ಬಳ್ಳಾರಿ ಜಾಲಿಗೆ ಹತ್ತಿರದ ಸಂಬಂಧಿ. ದಸರೆಗೆ ನಾವು ಪೂಜಿಸುವ ಬನ್ನಿಯೂ ಆ ಬಳಗದ್ದೇ. ನಾವು ಜಾಲಿಯನ್ನು ಶಪಿಸಿ ಸೌದೆ ಮಾಡುತ್ತೇವೆ. ಅವರು ಅದರ ಕಾಯಿ ಕುದಿಸಿ ಕಪ್ಪನೆಯ ಪಾಕ ತೆಗೆಯುತ್ತಾರೆ, ನಮ್ಮ ಜೋನಿ ಬೆಲ್ಲದಂತೆ. ಹಾಲಿಗೆ ಬೆರೆಸಿ ಮಕ್ಕಳಿಗೆ ಕೊಡುತ್ತಾರೆ. ಕುರಿ ಮೇಕೆಗೆ ಅದೇ ಮೇವು, ಜೇನಿಗೆ ಅದೇ ಹೂವು.

ಈ ಪಿಯೂರಾಕ್ಕೂ ನಮ್ಮ ಮಳೆಗೂ ಇನ್ನೊಂದು ನಂಟಿದೆ. ಕೆಲವು ವರ್ಷಗಳಲ್ಲಿ ಆ ತಣ್ಣೀರಿನ ಕಡಲು ಕಾದು ಬಿಸಿಯಾಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಬರುವುದರಿಂದ ಅಲ್ಲಿನ ಮೀನುಗಾರರು ಅದಕ್ಕೆ 'ಎಲ್ ನಿನ್ಯೊ', ಬಾಲ ಯೇಸು, ಎಂದು ಹೆಸರಿಟ್ಟರು. ನಮ್ಮ ರೇಡಿಯೊ, ಟಿ.ವಿ.ಯಲ್ಲಿ ಎಲ್ ನಿನೊ ಅನ್ನುತ್ತಾರಲ್ಲ, ಅದೇ. ಆಗ ಮಳೆಯೇ ಇಲ್ಲದ ಪಿಯೂರಾದಲ್ಲಿ ಪ್ರಳಯ. ಎಷ್ಟೋ ಸಲ ಅದೇ ಹೊತ್ತಿಗೆ ನಮ್ಮ ಮುಂಗಾರು ಕೈಕೊಡುತ್ತದೆ. 2017ರಲ್ಲಿ ಆ ದಡದ ನೀರು ಮಾತ್ರ ಕಾದಾಗಲೂ ಮಾರ್ಚಿಯಲ್ಲಿ ಪಿಯೂರಾ ಹೊಳೆ ಉಕ್ಕಿ ಪೇಟೆಯೊಳಗೆ ನುಗ್ಗಿತು, ಹೆದ್ದಾರಿಯ ಸೇತುವೆಗಳು ಕೊಚ್ಚಿಹೋದವು, ಬಸ್ಸುಗಳು ನಿಂತವು. ಅಲ್ಲಿ ಬಸ್ಸು ನಿಂತರೆ ಬದುಕೇ ನಿಂತ ಹಾಗೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಆ ಕಡೆ ಹೋಗುವವರು ಮಳೆಯ ಸುದ್ದಿ ಕೇಳಿಯೇ ಟಿಕೆಟ್ ಕೊಳ್ಳಿ.

ದಕ್ಷಿಣದ ಹಾದಿ

ಇನ್ನು ಲಿಮಾದಿಂದ ದಕ್ಷಿಣಕ್ಕೆ. ಗಡಿಯ ತಾಕ್ನಾ ಪಟ್ಟಣ ಸುಮಾರು 1300 ಕಿಲೋಮೀಟರ್, ಹೆಚ್ಚುಕಡಿಮೆ 20 ಗಂಟೆ. ನಡುವೆ ನಾಸ್ಕಾದಲ್ಲಿ ಇಳಿದು ಒಂದು ದಿನ ತಂಗಿದೆವು. ಸಾವಿರಾರು ವರ್ಷದ ಹಿಂದೆ ಮರಳುಗಾಡಿನ ಮೇಲೆ ಗೆರೆ ಎಳೆದು ಬರೆದ ಹಕ್ಕಿ, ಕೋತಿ, ಜೇಡದ ಭಾರಿ ಚಿತ್ರಗಳಿವೆ. ನಮ್ಮ ರಂಗೋಲಿಯೇ, ಊರಗಲ! ಮಾರಿಯಾ ರೈಶೆ ಎಂಬ ಜರ್ಮನ್ ಮಹಿಳೆ ಪೊರಕೆ ಹಿಡಿದು ವರ್ಷಗಟ್ಟಲೆ ಆ ಗೆರೆಗಳನ್ನು ಗುಡಿಸಿ ಉಳಿಸಿದರು. ಜನ ಮೊದಮೊದಲು ಹುಚ್ಚಿ ಎಂದರಂತೆ. 1998ರಲ್ಲಿ ತೀರಿಕೊಂಡ ಆಕೆಯನ್ನು ಇಂದು ದೇಶವೇ ಗೌರವಿಸುತ್ತದೆ. ಆಕೆ ನೋಡುಗರಿಗಾಗಿ ಕಟ್ಟಿಸಿದ ಗೋಪುರ ಹೆದ್ದಾರಿಯ ಪಕ್ಕದಲ್ಲೇ ಇದೆ. ಹೆದ್ದಾರಿ ಮಾಡಿದವರು ಮಾತ್ರ ಹಲ್ಲಿಯ ಚಿತ್ರವೊಂದನ್ನು ನಡುವೆಯೇ ಸೀಳಿಬಿಟ್ಟಿದ್ದಾರೆ.

ತಾಕ್ನಾದಿಂದ ಗಡಿ ದಾಟಿದರೆ ಚಿಲಿ ದೇಶದ ಸಮುದ್ರದೂರು ಅರೀಕಾ. ಅಲ್ಲಿ ಒಮ್ಮೆ 1903ರಿಂದ 1918ರವರೆಗೆ 14 ವರ್ಷಕ್ಕೂ ಹೆಚ್ಚು ಕಾಲ ಒಂದು ಹನಿ ಮಳೆ ಬೀಳಲಿಲ್ಲ. ಜಗತ್ತಿನ ದಾಖಲೆ ಅದು. ಚಿಲಿಯ ಗಡಿಯಲ್ಲಿ ತಿಂಡಿ ಚೀಲ ಬಿಚ್ಚಿ ನೋಡುತ್ತಾರೆ. ಹಣ್ಣು, ಹಸಿ ಕಾಳು, ಬೀಜ, ಜೇನು ಇದ್ದರೆ ಬರೆದುಕೊಡಬೇಕು, ಮುಚ್ಚಿಟ್ಟರೆ ದಂಡ. ಅರೀಕಾದಿಂದ ರಾಜಧಾನಿ ಸಾಂತಿಯಾಗೊ 2000 ಕಿಲೋಮೀಟರಿಗೂ ದೂರ. ಚಿಲಿಯ ಬಸ್ಸುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ ಒಂದು ಪುಟ್ಟ ಪೆಟ್ಟಿಗೆ. ಪ್ರಯಾಣಿಕರಿಗೆ ಕಾಣುವ ಹಾಗೆ ಬಸ್ಸಿನ ವೇಗ ಕೆಂಪಕ್ಷರದಲ್ಲಿ ಹೊಳೆಯುತ್ತದೆ. ಗಂಟೆಗೆ 100 ಕಿಲೋಮೀಟರ್ ಮೀರಿದರೆ ಕೀ ಕೀ ಅಂತ ಕೂಗುತ್ತದೆ! ಚಾಲಕ ಎಷ್ಟು ವೇಗ ಹೋಗುತ್ತಿದ್ದಾನೆಂದು ಮಲಗಿದ ಅಜ್ಜಿಗೂ ಗೊತ್ತಾಗುತ್ತದೆ.

ಹೋಗುವವರು ನೆನಪಿಡಿ

ನಿಮ್ಮ ಮಗಳೋ ತಂಗಿಯೋ ಆ ಕಡೆ ಇದ್ದು, ನೀವು ಹೋಗುವ ಸಂದರ್ಭ ಬಂದರೆ ಇಷ್ಟು ಗಮನಿಸಿ:

- ಪೆರುವಿನಿಂದ ಭಾರತಕ್ಕೆ ಮರಳುವವರಲ್ಲಿ ಹಳದಿ ಜ್ವರದ ಲಸಿಕೆಯ ಪುಸ್ತಿಕೆ ಇರಲೇಬೇಕು. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ, ಅದಕ್ಕೆಂದೇ ನಿಗದಿಯಾದ ಕೇಂದ್ರದಲ್ಲಿ ಹಾಕಿಸಿಕೊಳ್ಳಿ.
- ಪಾಸ್‌ಪೋರ್ಟ್, ಹಣ, ಔಷಧಿ ಇರುವ ಚೀಲ ತೊಡೆಯ ಮೇಲಿರಲಿ. ತಲೆಯ ಮೇಲಿನ ಅಟ್ಟದಲ್ಲೂ ಬೇಡ, ಕಾಲ ಕೆಳಗೂ ಬೇಡ.
- ಚಿನ್ನ ಮನೆಯಲ್ಲೇ ಬಿಡಿ. ಕರಿಮಣಿ ಸಾಕು.
- ಒಳಗೆ ಎ.ಸಿ. ಚಳಿ ಜಾಸ್ತಿ. ಸ್ವೆಟರ್, ಕಾಲುಚೀಲ, ಕಿವಿಗೆ ಹತ್ತಿ ಕೈಗೆ ಸಿಗುವಂತಿರಲಿ.
- ಮೇಲಂತಸ್ತಿನ ಮುಂಭಾಗದ ಸೀಟಿನಿಂದ ನೋಟ ಚೆನ್ನ, ಆದರೆ ಡಿಕ್ಕಿಯಾದರೆ ಮೊದಲ ಪೆಟ್ಟು ಅಲ್ಲಿಗೇ. ಮಕ್ಕಳನ್ನು ನಡುವಿನ ಸೀಟಿನಲ್ಲಿ ಕೂರಿಸಿ. ಬೆಲ್ಟು ಮಲಗಿದಾಗಲೂ ಬಿಗಿದಿರಲಿ.
- ಜುಲೈ 28, 29 ಪೆರುವಿನ ರಾಷ್ಟ್ರೀಯ ಹಬ್ಬ. ಆ ವಾರ ಮತ್ತು ಈಸ್ಟರ್ ವಾರ ದರ ಏರುತ್ತದೆ, ಸೀಟೂ ಸಿಗದು.
- ಬೆಳಕು ಹರಿದ ಮೇಲೆ ಊರು ಮುಟ್ಟುವ ಬಸ್ಸನ್ನೇ ಆರಿಸಿ. ನಡುರಾತ್ರಿ ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿಯುವುದು ಯಾವ ದೇಶದಲ್ಲೂ ಒಳ್ಳೆಯದಲ್ಲ. ಟ್ಯಾಕ್ಸಿಯನ್ನು ನಿಲ್ದಾಣದ ಒಳಗಿನಿಂದಲೇ ಹಿಡಿಯಿರಿ.

ನಮ್ಮ ರಾತ್ರಿ ಬಸ್ಸಿಗೂ ಇದೇ ಮಾತು

ಬೆಂಗಳೂರು-ಹೈದರಾಬಾದ್ ದಾರಿಯ ಹೆಸರು ಮೊದಲೇ ಎತ್ತಿದೆನಲ್ಲ, ಅದಕ್ಕೆ ಕಾರಣವಿದೆ. 2013ರ ಅಕ್ಟೋಬರಿನಲ್ಲಿ ಆ ದಾರಿಯಲ್ಲಿ ರಾತ್ರಿ ಬಸ್ಸಿಗೆ ಬೆಂಕಿ ಹತ್ತಿ 45 ಮಂದಿ ಸುಟ್ಟುಹೋದರು. 2025ರ ಅಕ್ಟೋಬರಿನಲ್ಲಿ ಕರ್ನೂಲಿನ ಬಳಿ ಮತ್ತೆ ಅದೇ ಗತಿ. ಎರಡು ಸಲವೂ ಮಲಗಿದವರಿಗೆ ಎದ್ದು ಹೊರಬರಲು ವೇಳೆಯೇ ಸಿಗಲಿಲ್ಲ. ಓದಿದ ದಿನ ನಾವೆಲ್ಲ ಲೊಚಗುಟ್ಟಿದೆವು, ಮಾರನೆಯ ವಾರ ಹಬ್ಬಕ್ಕೆ ಯಾವ ಬಸ್ಸು ಅಗ್ಗ ಅಂತ ಹುಡುಕಿದೆವು.

2023ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಂಗಸರು ಮೊದಲಿಗಿಂತ ಹೆಚ್ಚು ಬಸ್ಸು ಹತ್ತುತ್ತಿದ್ದಾರೆ. ಬಹಳ ಸಂತೋಷ. ಆದರೆ ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ, ಮಗಳು ಪುಣೆಗೋ ಚೆನ್ನೈಗೋ ಹೊರಟಾಗ, ಊಟದ ಡಬ್ಬಿಯ ಜೊತೆಗೆ ತಂಗಿಯ ಆ ಮೂರು ಪ್ರಶ್ನೆಗಳನ್ನೂ ಕಟ್ಟಿಕೊಡಿ. ಚಾಲಕರು ಎಷ್ಟು ಜನ? ಎಲ್ಲೆಲ್ಲಿ ನಿಲ್ಲುತ್ತದೆ? ತುರ್ತು ಬಾಗಿಲು ಎಲ್ಲಿ, ಅದು ತೆರೆಯುತ್ತದೆಯೇ? ಗಾಜು ಒಡೆಯುವ ಸುತ್ತಿಗೆ ಇದೆಯೇ ಅಂತ ಸೀಟಿನಲ್ಲಿ ಕೂತ ಕೂಡಲೇ ಕಣ್ಣಾಡಿಸಲು ಹೇಳಿ.

ಒಬ್ಬರು ಕೇಳಿದರೆ ಬಸ್ಸಿನವರು ನಗಬಹುದು. ಹತ್ತು ಮಂದಿ ಕೇಳಿದರೆ ಉತ್ತರ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ. ನೂರು ಮಂದಿ ಕೇಳಿದರೆ ಎರಡನೇ ಚಾಲಕನನ್ನೇ ಇಟ್ಟುಕೊಳ್ಳುತ್ತಾರೆ. ಬೆಂಡೆಕಾಯಿ ಮುರಿದು ನೋಡದೆ ಕೊಳ್ಳದ ನಾವು ಇಷ್ಟು ಕೇಳಲು ಹಿಂಜರಿಯಬೇಕೇ?